ಬಾಳೆಕಂದು ಕಟ್ಟಿದ ಜೀಪು

ಮೊನ್ನೆ ಆಯುಧಪೂಜೆಗೆ ಕಾರಿನ ಮುಂದೆ ಬಾಳೆಕಂದು ಕಟ್ಟುತ್ತಿದ್ದೆ. ಕತ್ತರಿಸಿದ ದಿಂಡಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತಿತು. “ರಾಮನಗರದ ಈ ಗಲ್ಲಿಗೆ ಯಾವ ಆನೆ ಬರುತ್ತೆ, ಸುಮ್ಮನೆ ಕಟ್ಟಿ” ಎಂದಳು ಹೆಂಡತಿ. ಮದುವೆಯಾದಾಗಿನಿಂದ ಪ್ರತಿ ವರ್ಷ ಅವಳು ಈ ಕತೆ ಕೇಳಿ ಬೇಸತ್ತಿದ್ದಾಳೆ. ನೀವು ಕೇಳಿಲ್ಲವಲ್ಲ, ಬನ್ನಿ.

ಕನಕಪುರದ ಆಚೆ, ಕೋಡಿಹಳ್ಳಿ ಕಡೆ ಕಾಡಂಚಿನಲ್ಲಿ ನನ್ನ ಸೋದರಮಾವನ ಮನೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಅಂಗಳದಲ್ಲೊಂದು ಲಗೇಜ್ ಆಟೋ. ಮಾವ ಅದನ್ನು ಒರೆಸಿ ಮುದ್ದು ಮಾಡುವುದನ್ನು ಕಂಡು ಅತ್ತೆ, “ಮುಂದ್ಲ ಜನ್ಮಕ್ಕೆ ನಾನೂ ಗಾಲಿ ಇಟ್ಕಂಡೇ ಹುಟ್ತೀನಿ” ಎನ್ನುತ್ತಿದ್ದರು. ಒಂದು ವರ್ಷ ಆಯುಧಪೂಜೆಗೆ ನಾನೂ ಅಲ್ಲಿಗೆ ಹೋಗಿದ್ದೆ. ಮಾವ ಆಟೋಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಎರಡೂ ಬದಿಗೆ ಬಾಳೆಕಂದು ಬಿಗಿದರು. ಅದೂ ಸಾಲದೆಂದು ಕಬ್ಬಿನ ಜಲ್ಲೆ ಸಿಕ್ಕಿಸಿದ ಮಹಾಶಯ ನಾನು. ಹಬ್ಬ ಮುಗಿದರೂ ಮಾವ ಅಲಂಕಾರ ಬಿಚ್ಚಲಿಲ್ಲ. ರೇಷ್ಮೆಗೂಡು ಮಾರಲು ಹೋದಾಗ ರಾಮನಗರದವರೂ ನೋಡಲಿ ಎಂಬ ಆಸೆ.

ಮಾರುಕಟ್ಟೆಗೆ ಹೊರಡುವ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ತಾರಸಿಗೆ ಹೋದೆ. ಅಂಗಳದಲ್ಲಿ ಸಲಗ. ಕಬ್ಬು ಮುಗಿಸಿ ಬಾಳೆಗೆ ಸೊಂಡಿಲು ಹಾಕಿತ್ತು. ಹಗ್ಗ ಬಿಗಿಯಾಗಿತ್ತು, ಕಂದಿನ ಜೊತೆ ಆಟೋದ ಮುಂಭಾಗವೂ ಕಿತ್ತು ಬಂತು. ಆಮೇಲೆ ಅದನ್ನು ಪಕ್ಕಕ್ಕೆ ಉರುಳಿಸಿ, ಒಂದು ಕಾಲಿಟ್ಟು, ಏನೂ ಆಗಿಲ್ಲವೆಂಬಂತೆ ತೋಟದ ಕಡೆ ನಡೆಯಿತು. ಹೆದರಿಕೆಯಾಯಿತು. ಅಷ್ಟೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಕೆಳಗಿಳಿದಾಗ ಖುಷಿ ಜರ್ರನೆ ಇಳಿಯಿತು. ಮೂಲೆಯಲ್ಲಿ ಗೂಡಿನ ಚೀಲಗಳು ಸಿದ್ಧವಾಗಿದ್ದವು. ಹೊತ್ತು ಮೀರಿದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದರಲ್ಲಿ ನೂಲು ಬಿಚ್ಚಲಾಗದು. ಇಡೀ ಬೆಳೆಯ ದುಡಿಮೆ ಆ ಚೀಲಗಳಲ್ಲಿತ್ತು. ಊರಿನ ಬೇರೆ ಗಾಡಿಗಳು ಆಗಲೇ ಹೊರಟುಹೋಗಿದ್ದವು.

ಮಾವ ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಅರಣ್ಯ ಇಲಾಖೆಯ ಜೀಪು ಬಂತು. ಇಳಿದ ಅಧಿಕಾರಿ ಆಟೋ ಸುತ್ತ ನಡೆದು ನೋಡಿದರು. “ಬೆಳೆ ಹಾಳಾದ್ರೆ ಪರಿಹಾರ ಕೊಡ್ತೀವಿ, ದನಕ್ಕೆ ಕೊಡ್ತೀವಿ. ಗಾಡಿಗೆ ಮೇಲಿನವರನ್ನ ಕೇಳ್ಬೇಕು. ಅದೂ ಅಲ್ದೆ ಕಾಡಿನ ಪಕ್ಕ ಬಾಳೆ ಕಟ್ಟಿ ನಿಲ್ಲಿಸಿದ್ರೆ ನೀವೇ ಆನೆ ಕರೆದಂಗಲ್ವೇನ್ರಿ?”

ಮಾವನಿಗೆ ಪಿತ್ತ ನೆತ್ತಿಗೇರಿತು. “ಸಾರ್, ಆನೆಗೆ ನಾನೊಂದ್ ಕಲ್ಲು ಹೊಡುದ್ರೆ ಅದು ಸರ್ಕಾರದ್ದು ಅಂತ ಕೇಸ್ ಹಾಕ್ತೀರಿ. ಅದೇ ಆನೆ ನನ್ ಗಾಡಿ ತುಳುದ್ರೆ ಯಾರ್ದೂ ಅಲ್ವಾ?”

ಅತ್ತೆ ಅವರ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಜೀಪನ್ನೇ ನೋಡುತ್ತಿದ್ದರು. ಅದರ ಎರಡು ಬದಿಗೂ ನಮ್ಮದಕ್ಕಿಂತ ದಪ್ಪನೆಯ ಬಾಳೆಕಂದು.

“ನೀವು ಕಟ್ಟುದ್ರೆ ಪೂಜೆ, ನಾವ್ ಕಟ್ಟುದ್ರೆ ಆನೆಗೆ ಕರೆಯೋಲೆಯಾ ಸಾರ್?”

ಅಧಿಕಾರಿ ತಮ್ಮ ಜೀಪನ್ನು ಅಂದೇ ಮೊದಲು ಕಂಡವರಂತೆ ತಿರುಗಿ ನೋಡಿದರು. ಚಾಲಕ ಮುಖ ಪಕ್ಕಕ್ಕೆ ಹೊರಳಿಸಿ ನಕ್ಕ.

“ದುಡ್ಡು ಒಸಿ ತಡವಾದ್ರೂ ತಡೀತೀವಿ,” ಅತ್ತೆ ಗೂಡಿನ ಚೀಲಗಳತ್ತ ಕೈ ತೋರಿಸಿದರು, “ಚಿಟ್ಟೆ ತಡೆಯಾಕಿಲ್ಲ.”

ಅಧಿಕಾರಿ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ, “ಚೀಲ ಹಾಕ್ರಿ ಒಳಗೆ” ಎಂದರು.

ಆಹಾ, ಆ ಪ್ರಯಾಣ! ಮುಂದೆ ಬಾಳೆಯೆಲೆ ಪಟಪಟ ಹೊಡೆದುಕೊಳ್ಳುತ್ತ, ಹಿಂದೆ ಗೂಡಿನ ಚೀಲಗಳ ನಡುವೆ ನಾನೂ ಮಾವನೂ. ಕನಕಪುರದ ಸರ್ಕಲ್ಲಿನಲ್ಲಿ ಮಾವನ ಗೆಳೆಯರೊಬ್ಬರು ಗಾಬರಿಯಾಗಿ ಓಡಿಬಂದರು. “ಏನ್ಲಾ ಮಾಡ್ದೆ? ಯಾಕ್ ಹಿಡ್ಕಂಡ್ ಹೊಯ್ತಾವ್ರೆ?”

“ನನ್ನಲ್ಲ ಕಣ್ಲಾ,” ಮಾವ ಮೀಸೆಯ ಮೇಲೆ ಕೈಯಾಡಿಸಿದರು, “ಸರ್ಕಾರನೇ ನಾನ್ ಹಿಡ್ಕಂಡ್ ಹೊಯ್ತಿವ್ನಿ.”

ಚಿಟ್ಟೆ ಹೊರಬರುವ ಮೊದಲೇ ಗೂಡು ಮಾರುಕಟ್ಟೆ ಸೇರಿತು. ಆಟೋಗೆ ಪರಿಹಾರ ಬಂತೇ ಎಂದು ಕೇಳುತ್ತೀರಿ. ಬಂತು, ಬೇಕಾದಾಗ ಅಲ್ಲ, ಬೇಕಾದಷ್ಟೂ ಅಲ್ಲ. ಅಲೆದಲೆದು ಮಾವನ ಚಪ್ಪಲಿ ಸವೆಯಿತು. ಆದರೆ ಆನೆ ತುಳಿದ ಗಾಡಿಗೆ ನಾವು ಹೊಣೆಯಲ್ಲ ಎಂದು ಯಾವ ಅಧಿಕಾರಿ ಹೇಳಿದರೂ ನನಗೆ ಇಂದಿಗೂ ನಂಬಿಕೆ ಬರುವುದಿಲ್ಲ. ಸರ್ಕಾರ ನಮ್ಮ ಚೀಲ ಹೊತ್ತದ್ದನ್ನು ಕಣ್ಣಾರೆ ಕಂಡವನು ನಾನು, ಆ ಚೀಲದ ಮೇಲೆಯೇ ಕೂತಿದ್ದವನು.

ಹೆಂಡತಿ ಇನ್ನೂ ಹಗ್ಗ ಹಿಡಿದು ನಿಂತಿದ್ದಳು. ಕಂದು ಕಟ್ಟಿದೆ. ಗಂಟು ಮಾತ್ರ, ಯಾರಾದರೂ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುವಂತೆ ಸಡಿಲವಾಗಿ ಹಾಕಿದೆ.