ಮುಂದಿನ ಎಡಬಾಗಿಲು

ಮೂರು ತಿಂಗಳಿಗೆಂದು ಹೋದ ಹೆಂಡತಿ ಮೂರು ವರ್ಷವಾದರೂ ಬಾರದಿದ್ದರೆ ಗಂಡಸರು ಒಂದೋ ಅಡುಗೆ ಕಲಿಯುತ್ತಾರೆ, ಇಲ್ಲವೇ ಜಗಳ ಕಲಿಯುತ್ತಾರೆ. ಡೊಂಬಿವಲಿಯ ಚೆನ್ನಯ ಸಾಲಿಯಾನ್ ವೆಲ್ಡಿಂಗ್ ಕಲಿತ. ಅಡುಗೆ ಅವನಿಗೆ ಮೊದಲೇ ಗೊತ್ತಿತ್ತು, ಶಹಾಡಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಜಗಳಕ್ಕೆ ಎದುರಾಳಿ ಮನೆಯಲ್ಲಿರಲಿಲ್ಲ.

ಮೋಹಿನಿ ಹೋದದ್ದು ದೂರವೇನಲ್ಲ, ಐರೋಲಿಗೆ. 2011ರಲ್ಲಿ ಮಗಳು ಪ್ರೇಕ್ಷಾಳಿಗೆ ಹೆರಿಗೆಯಾಯಿತು. ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಅಳಿಯನ ಸಣ್ಣ ಫ್ಲ್ಯಾಟಿನಲ್ಲಿ ಮಾವ ಬಿಡಾರ ಹೂಡುವುದು ಚೆಂದವಲ್ಲವೆಂದು ಚೆನ್ನಯ ಭಾನುವಾರ ಹೋಗಿ, ಮೀನಿನ ಊಟ ಮಾಡಿ, ಸಂಜೆಯ ಲೋಕಲ್ ಹಿಡಿದು ವಾಪಸಾಗುತ್ತಿದ್ದ.

ಹೊರಡುವ ದಿನ ಮೋಹಿನಿ ಬಿಲ್ಡಿಂಗಿನ ಅಂಗಳದಲ್ಲಿದ್ದ ಹಳೆಯ ಫಿಯೆಟ್ ನೋಡಿ ನಕ್ಕಿದ್ದಳು. ಕ್ಯಾಂಟೀನ್ ಮುಚ್ಚಿದಾಗ ಧಣಿ "ಬೇಕಾದ್ರೆ ತಕೊಂಡು ಹೋಗು" ಎಂದು ಕೊಟ್ಟ ಕಾರು ಅದು. ತಳವೆಲ್ಲ ತುಕ್ಕು. "ಇದು ನಡೆದ ದಿನ ಬಂದು ನನ್ನನ್ನು ಕರ್ಕೊಂಡು ಬನ್ನಿ. ಮುಂದೆ ನಿಮ್ಮ ಹತ್ರ ಕೂರ್ತೇನೆ. ಇಷ್ಟರವರೆಗೆ ಎಲ್ಲರ ಕಾರಲ್ಲೂ ಹಿಂದೆಯೇ ಕೂತದ್ದು," ಅಂದಿದ್ದಳು.

ಅವಳು ತಮಾಷೆಗೆ ಹೇಳಿದ್ದು. ಚೆನ್ನಯ ಅದನ್ನು ಗಂಟು ಕಟ್ಟಿಕೊಂಡ.

ಶಹಾಡ್ ಸ್ಟೇಷನ್ ಪಕ್ಕ ಕಿಟಕಿ ಗ್ರಿಲ್ ಮಾಡುವ ಸೈದಪ್ಪ ಅವನ ಗುರು. ಕಲಬುರಗಿ ಕಡೆಯವನು, ಕ್ಯಾಂಟೀನಿನ ಚಹಾದ ಕಾಲದ ಸ್ನೇಹಿತ. ಮೊದಲ ವಾರವೇ ಚೆನ್ನಯ ಕಪ್ಪು ಗಾಜಿಲ್ಲದೆ ಕಿಡಿ ನೋಡಿ, ಎರಡು ದಿನ ಕಣ್ಣ ಮೇಲೆ ಬಟಾಟೆ ಹೋಳು ಇಟ್ಟುಕೊಂಡು ಮಲಗಿದ. ಅರವತ್ತಕ್ಕೆ ಅರಳುಮರುಳು ಎಂದು ಬಿಲ್ಡಿಂಗಿನವರು ಆಡಿಕೊಂಡರು. ಸೊಸೈಟಿಯ ಸೆಕ್ರೆಟರಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಕಿಡಿ ಹಾರಿಸಲು ಒಪ್ಪಿದ. ಆ ಎರಡು ಗಂಟೆಗಾಗಿ ಚೆನ್ನಯ ಬೆಳಗಿನಿಂದ ಕಾಯುತ್ತಿದ್ದ.

ತಳದ ತಗಡು ಹೊಸದಾಯಿತು. ಆಮೇಲೆ ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ ಕೊಯ್ಯುವಾಗ ಎಡವಟ್ಟಾಯಿತು. ಗ್ರಿಲ್ಲಿಗೆ ಗೋಡೆಯ ಆಧಾರವಿರುತ್ತದೆ, ಎಷ್ಟು ಕೊಯ್ದರೂ ಮನೆ ನಿಂತೇ ಇರುತ್ತದೆ. ಕಾರಿಗೆ ಆ ಪಟ್ಟಿಯೇ ಗೋಡೆ ಎಂಬುದು ಗುರುವಿಗೂ ತೋಚಲಿಲ್ಲ, ಶಿಷ್ಯನಿಗೂ ತೋಚಲಿಲ್ಲ. ಆಧಾರಕ್ಕೆ ಅಡ್ಡಲಾಗಿ ಒಂದು ಸರಳನ್ನೂ ಕಟ್ಟದೆ ಕೊಯ್ದರು. ಹೊಸ ಪಟ್ಟಿ ಬೆಸೆದ ಮೇಲೆ ನೋಡಿದರೆ ಕಾರು ಎಡಕ್ಕೆ ಕುಸಿದಿದೆ, ಮುಂದಿನ ಎಡಬಾಗಿಲು ಕಚ್ಚಿಕೊಂಡಿದೆ. ಮೋಹಿನಿ ಕೂರಬೇಕಾದ ಕಡೆಯದೇ.

"ಜ್ಯಾಕ್ ಹಚ್ಚಿ ಎತ್ತಿ, ಕೊಯ್ದು ಮತ್ತ ಹಚ್ಚಬೇಕ್ರಿ ಅಣ್ಣಾರ. ಒಂದ್ ದಿನದ ಕೆಲ್ಸ," ಅಂದ ಸೈದಪ್ಪ.

ಚೆನ್ನಯನಿಗೆ ಇನ್ನೊಂದು ದಿನವೂ ತಡೆಯುವಂತಿರಲಿಲ್ಲ. ಎಂಜಿನ್ ಶುರುವಾಗಿತ್ತು, ದೀಪಾವಳಿ ಹತ್ತಿರವಿತ್ತು. ಶಿಳ್‌ಫಾಟಾ ದಾಟಿ, ಮಹಾಪೆ ಹಾದು, ಲಾರಿಗಳ ನಡುವೆ ಬೆವರುತ್ತ ಐರೋಲಿ ಮುಟ್ಟಿದ.

ಮೋಹಿನಿ ಹಸಿರು ಸೀರೆಯುಟ್ಟು, ಮಲ್ಲಿಗೆ ಮುಡಿದು ಇಳಿದು ಬಂದಳು. ಸೊಂಟದಲ್ಲಿ ಮೊಮ್ಮಗಳಿದ್ದಳು. ಕೈಯಲ್ಲಿ ಬ್ಯಾಗಿರಲಿಲ್ಲ. ಅದನ್ನು ಚೆನ್ನಯ ಎಲ್ಲಕ್ಕಿಂತ ಮೊದಲು ನೋಡಿದ.

ಅವಳು ಮುಂದಿನ ಬಾಗಿಲನ್ನು ಎರಡು ಸಲ ಎಳೆದಳು. ಬೆಸುಗೆಯ ಗಂಟುಗಳ ಮೇಲೆ ಬೆರಳಾಡಿಸಿದಳು. "ಇದೆಲ್ಲ ನೀವೇ ಮಾಡಿದ್ದಾ?" ಎಂದು ಕೇಳಿ, ಮಗುವಿನೊಂದಿಗೆ ಹಿಂದೆ ಕೂತಳು. ಹಿನ್ನೀರಿನ ಖಾಡಿಯ ಸೇತುವೆಯವರೆಗೆ ಹೋಗಿ ಬಂದರು. ಕನ್ನಡಿಯಲ್ಲಿ ಅವಳ ಮುಖ ಅರ್ಧ ಕಾಣುತ್ತಿತ್ತು. ಎಷ್ಟೋ ವರ್ಷಗಳ ನಂತರ ಅಷ್ಟು ಹೊತ್ತು ಅವಳನ್ನು ನೋಡಿದ್ದಕ್ಕೆ ಚೆನ್ನಯನಿಗೆ ಸುಖವೂ ಆಯಿತು, ಸಂಕಟವೂ ಆಯಿತು.

ಗೇಟಿನಲ್ಲಿ ಪ್ರೇಕ್ಷಾ ಕಾದಿದ್ದಳು. "ಪಪ್ಪಾ, ಮಮ್ಮಿ ಕೋ ಅಭೀ ಮತ್ ಲೇ ಜಾನಾ. ಜೂನ್ ಮೇಂ ಇಸ್ಕಾ ಸ್ಕೂಲ್ ಹೈ," ಅಂದಳು, ಅಮ್ಮನನ್ನು ಈಗಲೇ ಕರೆದೊಯ್ಯಬೇಡಿ, ಜೂನಿನಲ್ಲಿ ಮಗುವಿಗೆ ಸ್ಕೂಲ್ ಶುರು ಎಂದು.

ಮೋಹಿನಿ ಗಂಡನ ಮುಖ ನೋಡಲಿಲ್ಲ. "ಬಾಗಿಲು ಸರಿ ಮಾಡಿ. ಆಗ ಬರ್ತೇನೆ," ಎಂದು ಮಗುವನ್ನೆತ್ತಿಕೊಂಡು ಲಿಫ್ಟಿನ ಕಡೆ ನಡೆದಳು.

ಮರುವಾರ ಸೈದಪ್ಪ ಜ್ಯಾಕ್ ಹೊತ್ತು ಡೊಂಬಿವಲಿಗೆ ಬಂದ. ಚೆನ್ನಯ ಅವನಿಗೆ ಚಹಾ ಕೊಟ್ಟು, "ಬರುವ ವಾರ ನೋಡುವ," ಎಂದು ಕಳಿಸಿದ. ಅದರ ಮುಂದಿನ ವಾರವೂ ಹಾಗೇ ಹೇಳಿದ. ಬಾಗಿಲು ತೆರೆದ ಮೇಲೂ ಅವಳು ಬಾರದಿದ್ದರೆ ಎಂದು ಅವನು ಹೆದರಿದ್ದ. ಮಾರ್ಚ್ ಬಂತು, ಜೂನ್ ಬಂತು, ಮಗು ಸ್ಕೂಲಿಗೂ ಹೋಯಿತು. ದಿನಾ ಮಧ್ಯಾಹ್ನ ಎರಡಕ್ಕೆ ಅವನು ಕಾರಿನ ಪಕ್ಕ ಸ್ಟೂಲ್ ಹಾಕಿ ಕೂರುತ್ತಿದ್ದ, ಮೋಹಿನಿಯ ಫೋನ್ ಬರುತ್ತಿತ್ತು.

"ಬಾಗಿಲು ಆಯ್ತಾ?"

"ಆಗ್ತಾ ಉಂಟು."



"ಅವಸರ ಮಾಡ್ಬೇಡಿ," ಅಂದಳು ಮೋಹಿನಿ.