ಬಲಗಡೆಯ ಸೀಟಿನಲ್ಲಿ ಕೂತವನು

ನಂಬುವುದಿಲ್ಲ ಎನ್ನುವವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿಯುವವನಲ್ಲ. ಅಂದು ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಹೈದರಾಬಾದಿನ ಕಾರ್ಖಾನೆಯೊಂದರಲ್ಲಿ ಜನ್ಮವಿಡೀ ಯಂತ್ರಗಳ ಜೊತೆ ಗುದ್ದಾಡಿದವನು, ದೆವ್ವ ಭೂತ ಅಂದವರನ್ನು ಬೈದು ಕಳಿಸಿದವನು. ಆದರೂ ಆ ರಾತ್ರಿ ನನ್ನ ಗಾಡಿಯಲ್ಲಿ ನಡೆದದ್ದು ನಡೆದದ್ದೇ.

ಗಾಡಿ ಇಟಲಿಯದು. ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಅಲ್ಲಿನ ಎಂಜಿನಿಯರ್ ಊರಿಗೆ ಮರಳುವಾಗ ನನಗೆ ಮಾರಿ ಹೋದ. ನೋಡಲು ಸಾದಾ ನಾಲ್ಕು ಬಾಗಿಲಿನ ಕಾರು, ಒಳಗೆ ರೇಸಿನ ಎಂಜಿನ್. ಎರಡು ಕಾರ್ಬುರೇಟರ್, ಐದು ಗೇರು. ಈಗ ಐಟಿ ಕಂಪನಿಗಳಿಂದ ತುಂಬಿಹೋಗಿರುವ ಮಾದಾಪುರ ಅಂದರೆ ಬರೀ ಬಂಡೆ, ಮುಳ್ಳುಕಂಟಿ ಇದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ಗಂಡಿಪೇಟೆ ರಸ್ತೆಯಲ್ಲಿ ಐದನೇ ಗೇರಿಗೆ ಹಾಕಿದರೆ ಆ ಎಂಜಿನ್ನಿನ ದನಿ... ಅಯ್ಯೋ, ಈಗ ನೆನೆದರೂ ಕಾಲು ತಾನಾಗಿ ಎಕ್ಸಲರೇಟರ್ ಹುಡುಕುತ್ತದೆ. "ಕ್ಯಾ ಗಾಡೀ ಹೈ ಮಿಯಾಂ, ಘೋಡಾ ಹೈ ಘೋಡಾ!" ಎನ್ನುತ್ತಿದ್ದ ನಮ್ಮ ಮೆಕ್ಯಾನಿಕ್, ಕುದುರೆಯ ಬೆನ್ನು ಸವರುವಂತೆ ಬಾನೆಟ್ ಸವರುತ್ತಾ.

ಒಂದೇ ತೊಂದರೆ. ಸ್ಟೀರಿಂಗ್ ಎಡಗಡೆ. ಮುಂದೆ ಲಾರಿ ಇದ್ದರೆ ಎದುರಿನಿಂದ ಏನು ಬರುತ್ತಿದೆ ಎಂದು ನನಗೆ ಕಾಣುವುದೇ ಇಲ್ಲ. ಬಲಗಡೆ ಕೂತವರು ಕತ್ತು ಹೊರಗೆ ಹಾಕಿ ನೋಡಿ ಹೇಳಬೇಕು. ಆ ಕೆಲಸ ನನ್ನ ಅಣ್ಣನದು.

"ತಮ್ಮಾ, ಕೈ ನಿಂದು, ಕಣ್ಣು ನಂದು" ಎನ್ನುತ್ತಿದ್ದ ಅಣ್ಣ. ತಂಬಾಕು ತಿಕ್ಕುತ್ತಾ ಕೂರುವನು. ಸುಣ್ಣದ ಡಬ್ಬಿಯನ್ನು ಟಕ್ ಎಂದು ಮುಚ್ಚಿ, ಹೊರಗೆ ನೋಡಿ, "ತಡಿ" ಅಥವಾ "ಹೋಗು, ಖಾಲಿ ಐತಿ" ಅನ್ನುವನು. ಆರು ವರ್ಷ ಅವನ ಮಾತಿನ ಮೇಲೆ ಕಣ್ಣು ಮುಚ್ಚಿ ಗಾಡಿ ನುಗ್ಗಿಸಿದೆ.

ಆರನೇ ವರ್ಷ ಒಂದು ಸಂಜೆ, ಲಿಂಗಂಪಲ್ಲಿಯ ಹತ್ತಿರ, "ಹೋಗು" ಅಂದ. ಹೋದೆ. ಎದುರಿಗೆ ಬಸ್ಸು! ಕೂದಲೆಳೆಯಲ್ಲಿ ಉಳಿದೆವು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಗಾಡಿ ನಿಲ್ಲಿಸಿ ಚಹಾದಂಗಡಿಯ ಜನರೆಲ್ಲ ನೋಡುವಂತೆ ಕೂಗಾಡಿದೆ.

"ಕಣ್ಣು ಕಾಣಂಗಿಲ್ಲೇನು ನಿನಗ? ಕೊಲ್ಲಾಕಂತ ಕೂತಿಯೇನು? ಇಳಿ ಕೆಳಗ!"

"ತಮ್ಮಾ, ಒಂದು ಮಾತು ಕೇಳು..."

"ಇಳಿ ಅಂದ್ನೆಲ್ಲ!"

ಇಳಿದ. ಬಿಟ್ಟು ಬಂದೆ. ಅಣ್ಣ ಮತ್ತೆ ನನ್ನ ಗಾಡಿ ಹತ್ತಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಎಂಟು ತಿಂಗಳಿಗೆ ಎದೆನೋವು ಬಂದು ಹೋಗಿಬಿಟ್ಟ. ಅವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆ ಸೀಟು ತಪ್ಪೀತೆಂದು ಯಾರಿಗೂ ಹೇಳಿರಲಿಲ್ಲ ಎಂದು ಅತ್ತಿಗೆ ಹೇಳಿದ್ದು ಹದಿಮೂರನೇ ದಿನದ ಊಟವಾದ ಮೇಲೆ.

ಇನ್ನು ಆ ರಾತ್ರಿಯ ಮಾತು. ಬೀದರಿಗೆ, ಹೆಂಡತಿಯ ತವರಿಗೆ ಹೋಗಿದ್ದೆವು, ಅವಳು ಅಲ್ಲೇ ಉಳಿದಳು. ಎಂಟು ವರ್ಷದ ಮಗಳಿಗೆ ಮರುದಿನ ಪರೀಕ್ಷೆ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೈದರಾಬಾದಿಗೆ ಹೊರಟೆ. ಅಣ್ಣ ಹೋದ ಮೇಲೆ ರಾತ್ರಿ ಹೆದ್ದಾರಿಗೆ ಗಾಡಿ ತೆಗೆದದ್ದು ಅದೇ ಮೊದಲು.

ಜಹೀರಾಬಾದ್ ದಾಟಿದ ಮೇಲೆ ಮುಂದೊಂದು ಲಾರಿ. ಇರಲಿ, ಅದರ ಹಿಂದೆಯೇ ಹೋದರಾಯಿತು ಅಂದುಕೊಂಡೆ.

ಟಕ್.

ಸುಣ್ಣದ ಡಬ್ಬಿಯ ಸದ್ದು... ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಬಲಗಡೆ ತಿರುಗಿದೆ. ಸೀಟು ಖಾಲಿ. ಆದರೆ ಕಿಟಕಿಯ ಗಾಜು ಕೆಳಗಿಳಿದಿತ್ತು. ನಾನು ಇಳಿಸಿರಲಿಲ್ಲ.

"ತಡಿ..."

ಅಣ್ಣನ ದನಿ! ಮರುಕ್ಷಣವೇ ಎದುರಿನಿಂದ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು.

"ಹೋಗು. ಖಾಲಿ ಐತಿ."

ಅಭ್ಯಾಸಬಲ ನೋಡಿ, ಕಾಲು ತಾನಾಗಿ ಒತ್ತಿತು. ರಸ್ತೆ ನಿಜಕ್ಕೂ ಖಾಲಿ. ಹೆದರಿಕೆಯಾಗಲಿಲ್ಲ ಎಂದಲ್ಲ. ಆದರೂ ಹೇಳುತ್ತೇನೆ, ನನಗೆ ಖುಷಿಯಾಯಿತು. ಅಣ್ಣ ಕ್ಷಮಿಸಿದ! ಸದಾಶಿವಪೇಟೆ, ಸಂಗಾರೆಡ್ಡಿ, ಪಟಾನ್‌ಚೆರು... ಪ್ರತಿ ಲಾರಿಗೂ ಟಕ್, ಪ್ರತಿ ಲಾರಿಗೂ ಸರಿಯಾದ ಮಾತು. ನಾನು ಅಳುತ್ತಲೇ ಓಡಿಸಿದೆ. "ತಪ್ಪಾತು ಅಣ್ಣಾ," ಅಂದೆ. "ನಿನಗ ಹಂಗ ಅನ್ನಬಾರದಿತ್ತು."

ಅದಕ್ಕೆ ಉತ್ತರ ಬರಲಿಲ್ಲ.

ಲಿಂಗಂಪಲ್ಲಿ ಬಂತು. ಅದೇ ಚಹಾದಂಗಡಿ, ಬಾಗಿಲು ಹಾಕಿತ್ತು. ಮುಂದೆ ಕಬ್ಬಿಣದ ಸರಳು ಹೇರಿದ ಲಾರಿ ತೆವಳುತ್ತಿತ್ತು.

ಟಕ್.

"ಹೋಗು ತಮ್ಮಾ... ಖಾಲಿ ಐತಿ."

ಹೋದೆ. ಪೂರಾ ಬಲಕ್ಕೆ ಬಂದ ಮೇಲೆ ಕಂಡಿತು. ದೀಪವೇ ಇಲ್ಲದ ಲಾರಿ, ನೇರ ನನ್ನ ಮೇಲೆ! ಬ್ರೇಕು ತುಳಿದು ಸ್ಟೀರಿಂಗ್ ಎಡಕ್ಕೆ ಎಳೆದೆ. ಮಗಳು ಸೀಟಿನಿಂದ ಕೆಳಗೆ ಬಿದ್ದಳು. ಬಲಗಡೆಯ ಕನ್ನಡಿ ಕಿತ್ತು ಹಾರಿಹೋಯಿತು. ಗಾಡಿ ರಸ್ತೆಯಂಚಿಗೆ ಬಂದು ನಿಂತಾಗ ತಂಬಾಕಿನ ವಾಸನೆ ಇರಲಿಲ್ಲ.

ಮಗಳನ್ನು ಎತ್ತಿ ಎದೆಗೆ ಅವಚಿಕೊಂಡೆ. ಒಂದು ಗೀರೂ ಆಗಿರಲಿಲ್ಲ. ಪಾಪ, ಅಣ್ಣನಿಗೆ ಆ ಲಾರಿ ಕಾಣಲಿಲ್ಲ, ಪೊರೆ ಬಂದ ಕಣ್ಣು, ಕತ್ತಲು ಬೇರೆ... ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಅಪ್ಪಾ, ದೊಡ್ಡಪ್ಪ ಇಳಿದು ಹೋದನೇನು?"

"ನೀ... ನೀ ಮಲಗಿದ್ದಿ ಅಲ್ಲವಾ?"

"ಇಲ್ಲ. ಜಹೀರಾಬಾದಿಂದ ಎಚ್ಚರನ ಇದ್ದೆ. ದೊಡ್ಡಪ್ಪ ಎಲ್ಲಾ ಸಲ ಹೊರಗ ನೋಡಿ ಹೇಳಿದ. ಈ ಸಲ ಹೊರಗ ನೋಡಲೇ ಇಲ್ಲ ಅಪ್ಪಾ. ನಿನ್ನ ಮಾರಿನ ನೋಡಾಕತ್ತಿದ್ದ."

ಅಲ್ಲಿಂದ ಮನೆಯವರೆಗೆ ಎರಡನೇ ಗೇರು ದಾಟದೆ ಬಂದೆ. ಅದೇ ವಾರ ಗಾಡಿ ಮಾರಿದೆ. ಅಂಥ ಗಾಡಿಯನ್ನು ಮಾರಿದ್ದಕ್ಕೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಕಾರಿನ ಸ್ಟೀರಿಂಗ್ ಎಲ್ಲರದರಂತೆ ಬಲಗಡೆಯೇ ಇದೆ, ನನಗೆ ರಸ್ತೆ ಚೆನ್ನಾಗಿ ಕಾಣುತ್ತದೆ. ಆದರೂ ಲಿಂಗಂಪಲ್ಲಿ ಬಂದರೆ ಯಾವ ಲಾರಿಯನ್ನೂ ದಾಟುವುದಿಲ್ಲ. ಹಿಂದಿನವರು ಹಾರ್ನು ಹೊಡೆದು ತಾಯಿ-ತಂಗಿ ಎಲ್ಲ ಬೈಯುತ್ತಾರೆ. ಬೈಯಲಿ. ನನ್ನ ಮಗಳಿಗೆ ಈಗ ಅವಳದೇ ಮಕ್ಕಳಿವೆ. ಅವಳು ಪಕ್ಕದಲ್ಲಿ ಕೂತು, "ರಸ್ತಾ ಖಾಲಿ ಐತಿ, ಹೋಗಪ್ಪಾ" ಅಂದರೂ ನಾನು ಮೊದಲು ಅವಳ ಕಡೆ ತಿರುಗಿ ನೋಡುತ್ತೇನೆ, ಅವಳು ಎತ್ತ ನೋಡುತ್ತಿದ್ದಾಳೆ ಎಂದು.