ಹಳದಿ ಬ್ಯಾಂಡಿನ ಮೇಡಂ

ನನ್ನ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರಿಗೆ ನನ್ನದೊಂದೇ ಮಾತು: ಅವಳ ಜಾಗದಲ್ಲಿ ಒಂದು ವಾರ ನಿಂತು ನೋಡಿ. ಟೆನಿಸ್ ಕ್ಲಬ್ಬಿನ ಹಿಂಬದಿಯಲ್ಲಿ, ನೀರಿನ ಪಂಪಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳು ಹದಿನೆಂಟು ವರ್ಷದಿಂದ ಆಟಗಾರರಿಗೆ ರಬ್ಬರ್ ಬ್ಯಾಂಡಿನ ವ್ಯಾಯಾಮ ಹೇಳಿಕೊಡುತ್ತಿದ್ದಾಳೆ. ಇನ್ನೊಂದು ಮೂಲೆಯಲ್ಲಿ ಕುಳಿತು ರ್‍ಯಾಕೆಟ್‌ಗಳಿಗೆ ತಂತಿ ಬಿಗಿಯುವವನು ನಾನು. ಹಾಗಾಗಿ ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ಅಕ್ಕನೂ ಒಂದು ಕಾಲಕ್ಕೆ ಆಡುತ್ತಿದ್ದವಳೇ. ಇಪ್ಪತ್ತೆರಡಕ್ಕೇ ಅವಳ ಬಲಭುಜ ಕೈಕೊಟ್ಟಿತು. ಈಗಲೂ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದು ಎಡಗೈಯಲ್ಲೇ.

ಬ್ಯಾಂಡಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಬೇಕು. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಅದು ಬೀಳದ ಹಾಗೆ ಮುಂಗೈಯನ್ನು ಹೊರಗೆ ಎಳೆಯಬೇಕು. ಹೋಗುವಾಗ ಎರಡು ಎಣಿಕೆ, ಬರುವಾಗ ನಾಲ್ಕು. ಭುಜವನ್ನು ಹಿಡಿದಿಡುವುದು ಒಳಗಿನ ಸಣ್ಣ ಸ್ನಾಯುಗಳು, ಅವಕ್ಕೆ ತೆಳು ಹಳದಿ ಬ್ಯಾಂಡೇ ಸಾಕು ಎಂದು ಅಕ್ಕ ದಿನಾ ಬಡಿದುಕೊಳ್ಳುತ್ತಾಳೆ. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಹಳದಿ ಮೇಡಂ.

ಎಡವಟ್ಟು ಮಾಡಿಕೊಂಡದ್ದೂ ಅವಳೇ. ಮಕ್ಕಳು ತಪ್ಪದೆ ಬರಲಿ ಎಂದು ಗೋಡೆಗೆ ಚಾರ್ಟ್ ಅಂಟಿಸಿ, ಯಾರು ಯಾವ ಬಣ್ಣದಲ್ಲಿದ್ದಾರೆ ಎಂದು ಬರೆದಳು. ಹಳದಿ, ಕೆಂಪು, ಹಸಿರು, ನೀಲಿ, ಎಲ್ಲಕ್ಕಿಂತ ದಪ್ಪ ಕಪ್ಪು. ಮೂರೇ ತಿಂಗಳಲ್ಲಿ ಅದು ಅಪ್ಪ ಅಮ್ಮಂದಿರ ಅಂತಸ್ತಾಗಿಬಿಟ್ಟಿತು. “ನಿಮ್ಮೋನು ಇನ್ನೂ ಕೆಂಪಾ?” ಎಂದು ಕಾರಿನ ಹತ್ತಿರ ನಿಂತು ಹಲ್ಲು ಕಿರಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆ ಕಟ್ಟಿಸುವ ಕಂಟ್ರಾಕ್ಟರ್ ಒಬ್ಬನಿದ್ದಾನೆ. ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಅವನ ಮಗಳಿಗೆ ಹದಿಮೂರು. ಕ್ಲಬ್ಬಿಗೇ ಒಳ್ಳೆಯ ಸರ್ವ್ ಅವಳದು, ಈಚೆಗೆ ಮಾತ್ರ ಚೆಂಡು ನೆಟ್ಟಿಗೇ ಬಡಿಯುತ್ತಿತ್ತು. ಒಂದು ಸೋಮವಾರ ಅವಳು ಹಳದಿ ಬ್ಯಾಂಡ್ ಎಳೆಯುವಾಗ ಮೂರನೆಯದಕ್ಕೇ ಟವೆಲ್ ಬಿತ್ತು. ಭುಜ ಕಿವಿಯ ಹತ್ತಿರ ಏರಿತ್ತು.

“ಮನೇಲಿ ಬೇರೆ ಏನಾದ್ರೂ ಮಾಡ್ತಿದ್ದೀಯಾ ಪುಟ್ಟಿ?” ಎಂದಳು ಅಕ್ಕ.

ಹುಡುಗಿ ಬ್ಯಾಗಿನಿಂದ ಕಪ್ಪು ಬ್ಯಾಂಡ್ ತೆಗೆದಳು. ಅಪ್ಪ ತಂದುಕೊಟ್ಟು, ದಿನಾ ಬೆಳಿಗ್ಗೆ ಬಾಲ್ಕನಿಯ ಕಂಬಿಗೆ ಕಟ್ಟಿ ಎಳೆಸುತ್ತಾನಂತೆ. ಎಲ್ಲರಿಗಿಂತ ಮೊದಲು ಕಪ್ಪಿಗೆ ಬರಬೇಕಂತೆ. ಅಕ್ಕ ಚಾರ್ಟನ್ನು ಗೋಡೆಯಿಂದ ಕಿತ್ತು ಚೂರುಚೂರು ಮಾಡಿದಳು. ಆಗ ಬೈದುಕೊಂಡದ್ದು ತನ್ನನ್ನೇ.

ಬರುವ ಭಾನುವಾರವೇ ಜಿಲ್ಲಾ ತಂಡಕ್ಕೆ ಆಯ್ಕೆಯ ಪಂದ್ಯ. ಭುಜ ಸರಿಯಿದೆ ಎಂದು ಅಕ್ಕ ಸಹಿ ಹಾಕದಿದ್ದರೆ ಆಡುವಂತಿಲ್ಲ. ಅದೇ ಸಂಜೆ ಕಂಟ್ರಾಕ್ಟರ್ ಫಾರಂ ಹಿಡಿದು ಬಂದ, ಹಿಂದೆ ಮಗಳು.

“ಸಹಿ ಹಾಕಲ್ಲ. ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲೀತನಕ ಒಂದು ಸರ್ವೂ ಮಾಡಬಾರ್ದು,” ಎಂದಳು ಅಕ್ಕ.

“ಈ ವರ್ಷ ಹೋದ್ರೆ ಹೋಯ್ತು ಮೇಡಂ. ನೋವು ಅಂತ ಅವಳೇನಾದ್ರೂ ಹೇಳಿದ್ಲಾ? ಸ್ವಲ್ಪ ಟೇಪ್ ಸುತ್ತಿ ಕಳಿಸಿ.”

“ಗೋಡೆ ಬಿರುಕು ಬಿಟ್ರೆ ನೀವು ಸುಣ್ಣ ಬಳಿದು ಸುಮ್ನಾಗ್ತೀರೇನ್ರೀ?”

“ನಂಗೆ ಪಾಠ ಹೇಳ್ಬೇಡಿ. ಒಂದು ರಬ್ಬರ್ ತುಂಡು ಎಳ್ಸೋಕೆ ಇಷ್ಟು ಜಂಬಾನಾ?”

ನಾನು ಎದ್ದೇಬಿಟ್ಟೆ. ಕೈಯಲ್ಲಿದ್ದ ಇಕ್ಕಳ ಕೆಳಗಿಡುವಷ್ಟು ವಿವೇಕವೂ ಇರಲಿಲ್ಲ. ಅಕ್ಕ ಕಣ್ಣಲ್ಲೇ ಗದರಿದಳು, ಕುಳಿತೆ. ಅವಳು ಹುಡುಗಿಯ ಕಡೆ ತಿರುಗಿದಳು.

“ಪುಟ್ಟಿ, ಜಡೆ ಬಿಚ್ಚಿ ನೀನೇ ಹಾಕ್ಕೋ ನೋಡೋಣ.”

ಹುಡುಗಿ ಮೊದಲು ಅಪ್ಪನ ಮುಖ ನೋಡಿದಳು. ಆಮೇಲೆ ಎಡಗೈಯಲ್ಲಿ ಜಡೆ ಬಿಚ್ಚಿ, ಎರಡೂ ಕೈ ತಲೆಯ ಹಿಂದಕ್ಕೆ ಒಯ್ದಳು. ಎರಡು ಸುತ್ತು ಹೆಣೆಯುವಷ್ಟರಲ್ಲಿ ಬಲಗೈ ನಡುಗುತ್ತ ಕೆಳಗಿಳಿಯಿತು.

“ಎರಡು ತಿಂಗಳಿಂದ ಅಜ್ಜಿ ಹಾಕ್ತಿದ್ದಾರೆ,” ಎಂದಳು.

ಕಂಟ್ರಾಕ್ಟರ್ ಮಗಳ ಕಡೆ ತಿರುಗಿದ. “ನಂಗೆ ಯಾಕಮ್ಮಾ ಹೇಳ್ಲಿಲ್ಲ?” ಎಂದ.

“ಹೇಳ್ದೆ ಅಪ್ಪಾ. ದಿನಾ ಹೇಳ್ದೆ. ನೀವು ಇನ್ನೂ ಹತ್ತು ಎಳಿ ಅಂದ್ರಿ.”